ಏಣಿ ಹತ್ತುವ ಮಕ್ಕಳು, ಅಂಕ ಎಣಿಸುವ ಶಾಲೆ

ಹೊಸಪೇಟೆಯಿಂದ ತೋರಣಗಲ್ಲಿಗೆ ಹೋಗುವ ರೈಲುದಾರಿಯ ಗಾದಿಗನೂರು, ಅದರ ಆಚೆಗಿನ ಸಂಡೂರಿನ ಗಣಿಸೀಮೆ, ಹೊಳೆಯ ಕಡೆಗೆ ಕಂಪ್ಲಿಯ ಭತ್ತದ ಬಯಲು ಇವೆಲ್ಲ 2021ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿದಾಗ ಎರಡು ಜಿಲ್ಲೆಗಳಿಗೆ ಹಂಚಿಹೋದರೂ, ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಪಾಡು ಒಂದೇ ಬಗೆಯದು: ಒಂದು ಕೋಣೆಯಲ್ಲಿ ಕೂತ ಮಕ್ಕಳು ಒಂದೇ ಕಡೆಯಿಂದ ಹೊರಟು ಬಂದವರಲ್ಲ. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಪಕ್ಕದಲ್ಲಿ ಕೂತದ್ದರದು ತೆಲುಗು ಇಲ್ಲವೆ ಉರ್ದು. ಗುಳೆ ಹೋಗುವ ಮನೆಯ ಮಗುವಿಗೆ ವರ್ಷದ ನಡುವೆ ಪಾಠವೇ ತಪ್ಪಿಹೋಗುತ್ತದೆ. ಇವರೆಲ್ಲರ ಮುಂದೆ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ ಇಟ್ಟಾಗ ಬರುವ ಅಂಕ, ಮಗು ಎಷ್ಟು ದೂರ ನಡೆದಿದೆ ಎಂಬುದಕ್ಕಿಂತ ಎಲ್ಲಿಂದ ಹೊರಟಿತ್ತು ಎಂಬುದನ್ನೇ ಹೆಚ್ಚಾಗಿ ಹೇಳುತ್ತದೆ.

ಈ ತೊಡಕಿಗೆ ಕರ್ನಾಟಕದಲ್ಲೇ ಒಂದು ಉತ್ತರ ಸಿದ್ಧವಾಗಿತ್ತು. ಬಹುವರ್ಗ ಬೋಧನೆ, ಎಂದರೆ ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನಿಭಾಯಿಸಬೇಕಾದ ಸ್ಥಿತಿ, ಹಾಗೂ ಮಕ್ಕಳ ಗೈರುಹಾಜರಿ ಎರಡನ್ನೂ ಎದುರಿಸುತ್ತಿದ್ದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು, ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭಿಸಿದ ಕ್ರಮವೇ ‘ನಲಿ-ಕಲಿ’. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. ಮೇಲಿನಿಂದ ಇಳಿದುಬಂದ ಸುತ್ತೋಲೆಯಿಂದಲ್ಲ, ತರಗತಿಯ ಇಕ್ಕಟ್ಟಿನಿಂದ ಅದು ಹುಟ್ಟಿತೆಂಬುದು ಗಮನಿಸತಕ್ಕ ಸಂಗತಿ.

ನಲಿ-ಕಲಿಯಲ್ಲಿ ಅಕ್ಷರಮಾಲೆ ‘ಅ ಆ ಇ ಈ’ ಎಂದು ಮೊದಲಾಗುವುದಿಲ್ಲ. ಮೊದಲಿಗೆ ಬರುವುವು ರ, ಗ, ಸ, ದ, ಅ ಎಂಬ ಐದು ಅಕ್ಷರಗಳು. ಸಾಂಪ್ರದಾಯಿಕ ಕ್ರಮದಲ್ಲಿ ಸ್ವರಗಳನ್ನೆಲ್ಲ ತಿದ್ದಿ ಮುಗಿಸಿದ ಮೇಲೂ ಮಗುವಿಗೆ ಓದಲು ಹೇಳಿಕೊಳ್ಳುವಂಥ ಪದ ಸಿಗದು. ಇಲ್ಲಿ ಐದೇ ಅಕ್ಷರ ಗುರುತು ಹತ್ತಿದೊಡನೆ ಸರ, ರಸ, ಅರಸ, ಅಗಸ, ಕಡೆಗೆ ಗರಗಸವನ್ನೂ ಮಗು ತಾನಾಗಿ ಕೂಡಿಸಿ ಓದುತ್ತದೆ. ಕಾಗುಣಿತದ ಗೊಡವೆಯಿಲ್ಲದೆ ನಾಲ್ಕಕ್ಷರದ ಪದವೊಂದನ್ನು ಓದಿದ ಮಗುವಿಗೆ ಓದು ಎಂದರೇನೆಂಬುದು ತಿಳಿದುಬಿಡುತ್ತದೆ, ಅದಕ್ಕೆ ಬೇರೆ ಬಹುಮಾನ ಬೇಕಿಲ್ಲ.

ಕಲಿಯಬೇಕಾದುದೆಲ್ಲ ಸಣ್ಣ ಸಣ್ಣ ಮೈಲಿಗಲ್ಲುಗಳಾಗಿ ಒಡೆದು, ಗೋಡೆಯ ಮೇಲಿನ ‘ಕಲಿಕಾ ಏಣಿ’ಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕೂತಿರುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಅದೇ ಚಿತ್ರದ ಗುರುತಿರುವ ಕಾರ್ಡು. ಮಗು ತನ್ನ ಕಾರ್ಡನ್ನು ತಾನೇ ಹುಡುಕಿ ತಂದು, ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಹಿಡಿದು ಸ್ವಕಲಿಕೆಯ ಗುಂಪಿನವರೆಗಿನ ಐದು ತಟ್ಟೆಗಳ ಪೈಕಿ ತನಗೆ ಸಲ್ಲುವ ಕಡೆ ಕೂರುತ್ತದೆ. ಮೌಲ್ಯಮಾಪನ ಈ ಏಣಿಯ ಒಳಗೇ ಇರುವ ಒಂದು ಮೆಟ್ಟಿಲು. ಮಗು ಅದನ್ನು ದಾಟದಿದ್ದರೆ ‘ಫೇಲು’ ಎಂಬ ಮಾತಿಲ್ಲ, ಪರಿಹಾರ ಬೋಧನೆಯ ಕಾರ್ಡಿದೆ. ಗುಳೆಯಿಂದ ಮರಳಿದ ಮಗು ತಾನು ಬಿಟ್ಟುಹೋದ ಮೆಟ್ಟಿಲಿಗೇ ಮರಳುತ್ತದೆ. ಅಂಕಪಟ್ಟಿ ಮುಗಿದ ಕಲಿಕೆಗೆ ಬೆಲೆ ಕಟ್ಟಿದರೆ, ಏಣಿ ಮುಂದಿನ ಹೆಜ್ಜೆಯನ್ನು ತೋರಿಸುತ್ತದೆ.

ಇದರ ಹಿಂದಿನ ತರ್ಕಕ್ಕೆ ಸಂಶೋಧನೆಯ ಬಲವೂ ಉಂಟು. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೆದುದನ್ನು ಕುರಿತು ಟಿಪ್ಪಣಿ ಮಾತ್ರ ಪಡೆದ ಮಕ್ಕಳು ಮುಂದಿನ ಸಲ ಉತ್ತಮಗೊಂಡರು. ಟಿಪ್ಪಣಿಯ ಜತೆಗೆ ಅಂಕವನ್ನೂ ಪಡೆದವರಿಗೆ ಆ ಲಾಭ ದಕ್ಕಲಿಲ್ಲ. ಅಂಕ ಕಂಡ ಮೇಲೆ ಟಿಪ್ಪಣಿಯ ಕಡೆ ಯಾರ ಕಣ್ಣೂ ಹೋಗದೆಂಬುದು ಉತ್ತರಪತ್ರಿಕೆ ಹಂಚಿದ ಶಿಕ್ಷಕರೆಲ್ಲರಿಗೂ ಗೊತ್ತಿರುವ ವಿಷಯವೇ.

ನಲಿ-ಕಲಿ ಇರುವುದು ಮೂರನೆಯ ತರಗತಿಯವರೆಗೆ; ಅದು ಮುಗಿಯುತ್ತಲೇ ಏಣಿ ಹಿಂದೆಯೇ ಉಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿದ ‘ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ’ ಇದೇ ತತ್ತ್ವವನ್ನು ಮೇಲಿನ ತರಗತಿಗಳಿಗೂ ಒಯ್ಯಬೇಕಿತ್ತು. ಪಾಠ ನಡೆಯುವಾಗಲೇ ಕಲಿಕೆಯನ್ನು ತಿದ್ದಲು ಮಾಡುವುದು ರೂಪಣಾತ್ಮಕ ಮೌಲ್ಯಮಾಪನ, ಅವಧಿಯ ಕೊನೆಗೆ ಒಟ್ಟಾರೆ ಅಳೆಯುವುದು ಸಂಕಲನಾತ್ಮಕ. ವರ್ಷಕ್ಕೆ ಮೊದಲನೆಯದು ನಾಲ್ಕು, ಎರಡನೆಯದು ಎರಡು ಎಂದು ಗೊತ್ತುಮಾಡಿದ್ದೇ ತಡ, ಬಹಳ ಕಡೆ ಅವು ಆರು ಪರೀಕ್ಷೆಗಳಾಗಿ ಹೋದವು, ರೂಪಣಾತ್ಮಕಕ್ಕೆ ‘ಎಫ್.ಎ.’, ಸಂಕಲನಾತ್ಮಕಕ್ಕೆ ‘ಎಸ್.ಎ.’ ಎಂಬ ಹೆಸರಿನಲ್ಲಿ. ತಿದ್ದುವ ಕೆಲಸಕ್ಕಿಂತ ದಾಖಲೆ ತುಂಬುವ ಕೆಲಸ ಹೆಚ್ಚಿತು. ಮಕ್ಕಳ ಮುನ್ನಡೆಯನ್ನು ದಾಖಲಿಸುವ ನಲಿ-ಕಲಿಯ ‘ಪ್ರಗತಿ ನೋಟ’ಕ್ಕೂ ಈ ಕಾಟ ತಪ್ಪಿದ್ದಲ್ಲ.

ಪರೀಕ್ಷೆಯ ಬಿಗಿಯೇ ಕಲಿಕೆಯನ್ನು ಮೇಲೆತ್ತುತ್ತದೆಂಬ ನಂಬಿಕೆ ಮಾತ್ರ ಅಳಿದಿಲ್ಲ. 5, 8, 9ನೇ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ನಡೆಸಿದ್ದು ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡಿತು. ಅದೇ ವರ್ಷ ಎಸ್ಸೆಸ್ಸೆಲ್ಸಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಾಗ, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿಯೂ ಉತ್ತೀರ್ಣರ ಪ್ರಮಾಣ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಕುಸಿಯಿತು. ಆ ವರ್ಷವೇ ಜಾರಿಗೆ ಬಂದ ಮೂರು ಪರೀಕ್ಷೆಗಳ ಪದ್ಧತಿಯಲ್ಲಿ, ಮತ್ತೆ ಮತ್ತೆ ಬರೆದು ಉತ್ತಮ ಅಂಕವನ್ನೇ ಉಳಿಸಿಕೊಳ್ಳಬಹುದಾಗಿದ್ದರಿಂದ, ಏಣಿಯ ತತ್ತ್ವದ ಸಣ್ಣ ನೆರಳೊಂದು ಕಂಡಿತ್ತು; ಆದರೆ ಎರಡು ಪರೀಕ್ಷೆಗಳ ನಡುವಿನ ಕೆಲವೇ ವಾರಗಳಲ್ಲಿ ಯಾವುದನ್ನು ಮತ್ತೆ ಕಲಿಯಬೇಕೆಂದು ಅಂಕಪಟ್ಟಿ ಹೇಳುವುದಿಲ್ಲ.

ಜೂನ್ ತಿಂಗಳಲ್ಲಿ ಐದನೆಯ ತರಗತಿಗೆ ಬರುವ ಇಬ್ಬರು ಮಕ್ಕಳ ಅಂಕಪಟ್ಟಿಯಲ್ಲಿ ಗಣಿತದ ಮುಂದೆ ‘ಬಿ’ ಶ್ರೇಣಿ ಎಂದಿರಬಹುದು. ಒಂದಕ್ಕೆ ದಶಕ ಎರವಲು ತಂದು ಕಳೆಯುವ ಲೆಕ್ಕ ಗೊತ್ತಿಲ್ಲ. ಇನ್ನೊಂದಕ್ಕೆ ಲೆಕ್ಕವೆಲ್ಲ ಗೊತ್ತು, ಕನ್ನಡದಲ್ಲಿ ಬರೆದ ಪ್ರಶ್ನೆ ಓದಲು ಬರದು. ಹೊಸ ಶಿಕ್ಷಕರ ಕೈಗೆ ಬರುವುದು ಆ ಒಂದಕ್ಷರ ಮಾತ್ರ.