ಶಾಲೆ ಬಿಟ್ಟ ಮೇಲೆ ಒಂದು ಗಂಟೆ: ಮಲೆನಾಡಿನ ಹೆಣ್ಣುಮಕ್ಕಳಿಗೆ ವಿಜ್ಞಾನ

ಆದಿನಾಥ ತೀರ್ಥಂಕರರು ಮಗಳು ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕಿಗಳನ್ನೂ ಕಲಿಸಿದರೆಂದು ಆದಿಪುರಾಣ ಹೇಳುತ್ತದೆ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ರಚಿಸಿದರು. ಹೆಣ್ಣುಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸುವುದು ಜೈನ ಸಮಾಜಕ್ಕೆ ಹೊಸದಲ್ಲ.

ಆದರೂ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದ ಎಷ್ಟೋ ಹುಡುಗಿಯರು ಪಿಯುಸಿಗೆ ವಿಜ್ಞಾನ ಎಂದರೆ ಹಿಂಜರಿಯುತ್ತಾರೆ. ಪ್ರಯೋಗವನ್ನು ಪುಸ್ತಕದಲ್ಲಿ ಓದಿದ್ದಾರೆಯೇ ಹೊರತು ಕೈಯಾರೆ ಮಾಡಿಲ್ಲ. ಶಾಲೆ ಬಿಟ್ಟ ಮೇಲಿನ ವಿಜ್ಞಾನ ತರಗತಿ ಈ ಕೊರತೆಯನ್ನು ತುಂಬಬಲ್ಲದು.

ಮೊದಲು ಬಸ್ಸಿನ ಸಮಯ

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಮನೆಗಳು ತೋಟಗಳ ನಡುವೆ ದೂರದೂರ ಇವೆ. ಸಂಜೆಯ ಬಸ್ಸು ತಪ್ಪಿದರೆ ಮಳೆಯಲ್ಲಿ, ಕತ್ತಲಲ್ಲಿ ನಡೆಯಬೇಕು. ಸೂರ್ಯಾಸ್ತದ ಮೊದಲು ಊಟ ಮುಗಿಸುವ ಮನೆಗಳಲ್ಲಂತೂ ಹೊತ್ತು ಇನ್ನೂ ಬಿಗಿ. ಹೀಗಾಗಿ ತರಗತಿಯ ಸಮಯವನ್ನು ಬಸ್ಸು ನೋಡಿ ಗೊತ್ತುಮಾಡಬೇಕು. ವಾರಕ್ಕೆ ಎರಡು ದಿನ, ಒಂದೊಂದು ಗಂಟೆ ಸಾಕು. ಮಳೆಗಾಲದಲ್ಲಿ ಅದನ್ನು ಭಾನುವಾರ ಬೆಳಿಗ್ಗೆಗೆ ಬದಲಾಯಿಸಬಹುದು.

ಮನೆಯಲ್ಲೇ ಇರುವ ಪ್ರಯೋಗಗಳು

ಮಳೆ: ನೇರ ಗೋಡೆಯ ಡಬ್ಬಿಯನ್ನು ಬಯಲಲ್ಲಿಟ್ಟು ನೀರಿನ ಎತ್ತರ ಅಳೆಯಬೇಕು. 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. 100 ಚದರ ಮೀಟರ್ ಮಾಡಿನ ಮೇಲೆ 100 ಮಿ.ಮೀ. ಸುರಿದರೆ 10,000 ಲೀಟರ್!

ಬೋರ್ಡೊ ದ್ರಾವಣ: ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ 1 ಕೆ.ಜಿ. ಬೇಕು. ಪ್ರಯೋಗಕ್ಕೆ 1 ಲೀಟರಿಗೆ ತಲಾ 10 ಗ್ರಾಂ ಸಾಕು. ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಅಲಗು ಕೆಂಪಾದರೆ ಅದು ತಾಮ್ರ. ಸುಣ್ಣ ಇನ್ನೂ ಬೇಕೆಂದು ಅರ್ಥ. ಇದನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ, ಕೈಗವಸು ಹಾಕಿ, ದೊಡ್ಡವರ ಎದುರಿನಲ್ಲೇ ಮಾಡಬೇಕು.

ಸೋಸಿದ ನೀರು: ಕೆರೆಯ ನೀರನ್ನು ಸೋಸುವ ಮುಂಚೆ, ಸೋಸಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬಟ್ಟೆ ದೊಡ್ಡ ಜೀವಿಗಳನ್ನು ತಡೆಯುತ್ತದೆ, ಬ್ಯಾಕ್ಟೀರಿಯಾವನ್ನು ತಡೆಯದು. ಅಜ್ಜಿ ನೀರು ಸೋಸುವುದೇಕೆ, ವೈದ್ಯರು ಕುದಿಸಿ ಎನ್ನುವುದೇಕೆ ಎರಡೂ ಆಗ ತಿಳಿಯುತ್ತದೆ. ಉಳಿದ ನೀರನ್ನು ಅದೇ ಕೆರೆಗೆ ಬಿಡಬೇಕು.

ಮುಂದಿನ ಹೆಜ್ಜೆ

ಹೊಸ ಯೋಚನೆ ಹೊಳೆದ ಮಕ್ಕಳಿಗೆ ಕೇಂದ್ರ ಸರ್ಕಾರದ 'ಇನ್‌ಸ್ಪೈರ್ ಅವಾರ್ಡ್–ಮಾನಕ್' ಯೋಜನೆ ಇದೆ. ಶಾಲೆಯ ಮೂಲಕವೇ ಹೆಸರು ಕಳಿಸಬೇಕು. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂ. ಸಿಗುತ್ತದೆ. ಪಾಲಕರು ಮುಖ್ಯೋಪಾಧ್ಯಾಯರನ್ನು ಕೇಳಿ ನೆನಪಿಸುವುದು ಒಳ್ಳೆಯದು.

ದೊಡ್ಡ ಸಂಶೋಧನೆಯೂ ದೂರವಿಲ್ಲ. 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾಗಿ ಆರಂಭವಾದ ಕಾಫಿ ಸಂಶೋಧನೆ 1925ರಲ್ಲಿ ಬಾಳೆಹೊನ್ನೂರು ಬಳಿ ನೆಲೆ ನಿಂತಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಇತ್ತ ಶೃಂಗೇರಿ, ಕೊಪ್ಪದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಪೂರ್ತಿ ವಾಸಿಮಾಡುವ ಮದ್ದು ಇನ್ನೂ ಸಿಕ್ಕಿಲ್ಲ. ತೋಟದ ಆದಾಯ ಇಳಿದಾಗ ಹೆಣ್ಣುಮಗಳ ಓದನ್ನು ಮೊದಲು ನಿಲ್ಲಿಸುವುದು ತಪ್ಪು ಲೆಕ್ಕ. ಆ ರೋಗದ ಮೂಲ ಹುಡುಕುವ ಬುದ್ಧಿ ಆ ಮನೆಯ ಮಗಳಲ್ಲೇ ಇರಬಹುದು. ಶಾಸ್ತ್ರದಾನವೂ ನಾಲ್ಕು ದಾನಗಳಲ್ಲಿ ಒಂದು. ಊರಿನ ಒಂದು ಕೊಠಡಿ, ನಿವೃತ್ತ ಶಿಕ್ಷಕರೊಬ್ಬರು, ಒಂದು ಸೂಕ್ಷ್ಮದರ್ಶಕ – ಇಷ್ಟಿದ್ದರೆ ಈ ದಾನವನ್ನು ಆರಂಭಿಸಬಹುದು.