ನೊರೆಯ ಹಿಂದಿನ ಡಿಟರ್ಜೆಂಟ್ ಎಷ್ಟು?

ಬೆಂಗಳೂರಿನ ಕೆಂಗೇರಿ ಬಳಿ ವೃಷಭಾವತಿ ನದಿಯಲ್ಲಿ ನೊರೆ ಕಾಣುತ್ತದೆ. ಆ ನೀರಿನಲ್ಲಿ ಡಿಟರ್ಜೆಂಟ್ ಎಷ್ಟಿದೆ ಎಂದು ಅಳೆಯುವುದು ಹೇಗೆ?

ನೊರೆ ನೋಡಿ ಪ್ರಮಾಣ ಹೇಳಲಾಗದು; ಅದಕ್ಕೆ ಬಣ್ಣದ ಪರೀಕ್ಷೆ ಇದೆ. ಬಟ್ಟೆ ಒಗೆಯುವ ಪುಡಿಯಲ್ಲಿ ಕೊಳೆ ಬಿಡಿಸುವ ಮುಖ್ಯ ಅಂಶಕ್ಕೆ ಋಣ ವಿದ್ಯುದಾವೇಶವಿದೆ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣಕ್ಕೆ ಧನ ಆವೇಶ. ನೀರಿನ ಮಾದರಿಗೆ ಈ ಬಣ್ಣ ಬೆರೆಸಿದರೆ ಎರಡೂ ಜೋಡಿಯಾಗುತ್ತವೆ.

ಆಮೇಲೆ ಕ್ಲೋರೋಫಾರ್ಮ್ ಸುರಿದು ಕುಲುಕುತ್ತಾರೆ. ಜೊತೆಗಾರನಿಲ್ಲದೆ ಹೊಳೆ ದಾಟಲಾರದವನಂತೆ ಒಂಟಿ ಬಣ್ಣ ನೀರಲ್ಲೇ ಉಳಿಯುತ್ತದೆ. ಜೋಡಿ ಮಾತ್ರ ತಳದ ಕ್ಲೋರೋಫಾರ್ಮಿಗೆ ಇಳಿಯುತ್ತದೆ. ಆ ಪದರವನ್ನು ಬೇರ್ಪಡಿಸಿ, ಅದರ ಮೂಲಕ 652 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಹಾಯಿಸುತ್ತಾರೆ. ನೀಲಿ ಗಾಢವಾದಷ್ಟೂ ಹೆಚ್ಚು ಬೆಳಕು ಹೀರಿಕೆಯಾಗುತ್ತದೆ; ಡಿಟರ್ಜೆಂಟ್ ಅಷ್ಟು ಹೆಚ್ಚಿದೆ ಎಂದರ್ಥ.

ಕುಡಿಯುವ ನೀರಿನಲ್ಲಿ ಇಂಥ ಡಿಟರ್ಜೆಂಟ್ ಲೀಟರಿಗೆ 0.2 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1 ಮಿಲಿಗ್ರಾಂವರೆಗೆ ವಿನಾಯಿತಿ.