ಹಿತ್ತಿಲ ಕೊಳದ ನೀರು ಸೋಸುವ ಬಗೆ

ಶಿವಾಜಿನಗರದ ನಮ್ಮ ಬಾಡಿಗೆಮನೆಯ ಹಿತ್ತಿಲಲ್ಲೊಂದು ಪುಟ್ಟ ಮೀನುಕೊಳವಿದೆ. ಅದರ ನೀರು ಸೋಸಲು ಎರಡು ಪೀಪಾಯಿ, ಒಂದು ಸಣ್ಣ ಪಂಪು ಸಾಕು.

18ನೆಯ ಶತಮಾನದಲ್ಲಿ ಪೇಶ್ವೆಯವರ ಕಾಲಕ್ಕೆ ಕಾತ್ರಜ ಕೆರೆಯಿಂದ ಪುಣೆಗೆ ನೀರು ತಂದಾಗ, ಹಾದಿಯಲ್ಲಿ ಹೂಳು ತಂಗಲು ಗುಂಡಿಗಳನ್ನು ಕಟ್ಟಿದ್ದರು. ನಮ್ಮ ಮೊದಲ ಪೀಪಾಯಿಯ ಕೆಲಸವೂ ಅದೇ. ಎರಡನೆಯದರಲ್ಲಿ ಜಲ್ಲಿ ತುಂಬಬೇಕು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯ ವಿಷ. ಜಲ್ಲಿಗೆ ಅಂಟುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಅವು ನೆಲೆಯೂರಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನು ಕೆಲವೇ ಇರಲಿ. ಪಂಪನ್ನು ರಾತ್ರಿಯೂ ನಿಲ್ಲಿಸಬಾರದು.

ನಾವೊಮ್ಮೆ ಜಲ್ಲಿಯನ್ನು ನಲ್ಲಿ ನೀರಿನಲ್ಲಿ ಚೊಕ್ಕಟವಾಗಿ ತೊಳೆದೆವು. ಕ್ಲೋರಿನ್ನಿಗೆ ಆ ಜೀವಿಗಳು ಸತ್ತು, ವಾರದೊಳಗೆ ಮೀನುಗಳೂ ಹೋದವು. ಈಗ ಕೊಳದ ನೀರಿನಲ್ಲೇ ಜಾಲಿಸುತ್ತೇವೆ.